ಆರು ಗಂಟೆಯ ಊರು

ಕಾಸ್ತ್ರೋ ಬಂದರಿನ ಕಟ್ಟೆಯ ಮೇಲೆ
ಬೆಳಿಗ್ಗೆ ಏಳಕ್ಕೇ ಮೇಜು ಹಾಕುತ್ತೇನೆ:
ಉಣ್ಣೆಯ ಕಾಲುಚೀಲ ಮೂವತ್ತು ಜೊತೆ,
ಟೋಪಿ ಹನ್ನೆರಡು, ಮತ್ತೆ
ಯಾರೂ ಕೊಳ್ಳದ ಒಂದು ಹಸಿರು ಶಾಲು.
ಅದು ಅಂಗಡಿಯ ದೃಷ್ಟಿಬೊಟ್ಟು.

ಹಡಗು ಬರುವ ದಿನ ನಮ್ಮೂರಿಗೆ ಆರು ಗಂಟೆ ಆಯುಷ್ಯ.
ದೊಡ್ಡದು ದೂರದಲ್ಲೇ ಲಂಗರು ಹಾಕಿ
ಕಿತ್ತಳೆ ಬಣ್ಣದ ದೋಣಿಗಳಲ್ಲಿ ಜನರನ್ನು
ಹಳೇ ಸಾಲದ ಹಾಗೆ ಕಂತು ಕಂತಾಗಿ ಕಳಿಸುತ್ತದೆ.
ಎದೆಯ ಮೇಲೆ ಅಂಟಿಸಿದ ಅಂಕಿ:
ಹದಿನಾಲ್ಕು ಇಗರ್ಜಿಗೆ, ಹದಿನೈದು ಕಂಬದ ಮನೆಗಳಿಗೆ,
ಆಮೇಲೆ ಅದಲು ಬದಲು.
ನಾಲ್ಕಕ್ಕೆ ಕೊನೆಯ ದೋಣಿ.
ತಪ್ಪಿದರೆ? ಕೈಸನ್ನೆಯಲ್ಲಿ ಕೇಳಿದಳು ಒಬ್ಬಳು.
ನನ್ನ ಮಾಳಿಗೆಯ ಕೋಣೆ ಖಾಲಿಯಿದೆ,
ಕೈಸನ್ನೆಯಲ್ಲೇ ಹೇಳಿದೆ.
ನಕ್ಕಳು. ಓಡಿದಳು.

ಮಾಳಿಗೆಯ ಕೋಣೆಗೆ ಬರುವವರು ಬೇರೆ ಜನ.
ಬೆನ್ನಿಗೆ ಮನೆ ಹೊತ್ತು ಬಸ್ಸಿಳಿಯುವವರು,
ಕೆಸರಿನ ಬೂಟನ್ನು ಒಲೆಯ ಬದಿಗಿಟ್ಟು
ನಾನು ಪ್ರವಾಸಿಯಲ್ಲ, ಅಲೆಮಾರಿ, ಎನ್ನುವವರು,
ಬಿಸಿನೀರಿಗೆ ಬೇರೆ ದುಡ್ಡೇ ಎಂದು ಹುಬ್ಬೇರಿಸುವವರು.
ಈ ಸಲದವನು ಬೆಲ್ಜಿಯಂನ ಯೋರಿಸ್,
ಗಡ್ಡ ಇನ್ನೂ ಅಲ್ಲೊಂದು ಇಲ್ಲೊಂದು ಮೊಳೆತ ಪೈರು.
ಕಿಟಕಿಯಿಂದ ಹಡಗು ನೋಡಿ ಮೂಗು ಮುರಿದ:
"ತೇಲುವ ಛತ್ರ. ಅವರು ಏನನ್ನೂ ನೋಡುವುದಿಲ್ಲ."
ನಾನು ಆಲೂಗಡ್ಡೆ ತುರಿಯುತ್ತಿದ್ದೆ.
ನಿಜ ಎನ್ನಲಿಲ್ಲ, ಸುಳ್ಳು ಎನ್ನಲಿಲ್ಲ.
ಮಿಲ್ಕಾವ್ ತಟ್ಟುವಾಗ ಮಾತು ಕಡಿಮೆಯಿರಬೇಕು,
ಇಲ್ಲದಿದ್ದರೆ ಉಪ್ಪು ಎರಡು ಸಲ ಬೀಳುತ್ತದೆ.

ಅದೂ ಅಲ್ಲದೆ ನನಗೆ ಇರ್ಮ್‌ಗಾರ್ಡ್ ಗೊತ್ತು.
ಎಂಬತ್ತೊಂದು ವಯಸ್ಸು, ಎರಡು ಊರುಗೋಲು,
ಸೊಂಟದೊಳಗೆ ಉಕ್ಕು.
ಮೂರು ಬೇಸಿಗೆ ಬಂದಳು, ಅದೇ ಹಡಗು, ಅದೇ ಕೋಣೆ.
ಅಂಕಿ ಅಂಟಿಸಿಕೊಳ್ಳುತ್ತಾಳೆ, ಗುಂಪಿನ ಜೊತೆ ಹೋಗುವುದಿಲ್ಲ.
ನನ್ನ ಮೇಜಿನ ಪಕ್ಕ ಮೀನಿನ ಬುಟ್ಟಿ ಬೋರಲು ಹಾಕಿ
ಕೂರುತ್ತಾಳೆ, ಆರಕ್ಕೆ ಆರೂ ಗಂಟೆ.
ಅವಳಿಗೆ ನನ್ನ ಮಾತು ಬಾರದು, ನನಗೆ ಅವಳದು.
ನಾನು ಹೆಣೆಯುತ್ತೇನೆ, ಅವಳು ನೂಲಿನ ಉಂಡೆ ಸುತ್ತುತ್ತಾಳೆ.
ಭರತ ಇಳಿಯಲಿಕ್ಕೂ ಆರೇ ಗಂಟೆ.
ನೀರು ಸರಿದು, ಕಂಬದ ಮನೆಗಳ ಮೊಣಕಾಲು ಕಂಡು,
ಪಾದ ಕಂಡು, ಕೆಸರಿನಲ್ಲಿ ಕೊಕ್ಕರೆ ಇಳಿಯುವವರೆಗೆ
ಕಣ್ಣು ತೆಗೆಯದೆ ನೋಡಿದವಳು
ನನ್ನ ಲೆಕ್ಕದಲ್ಲಿ ಅವಳೊಬ್ಬಳೇ.
ನಮ್ಮವರೂ ನೋಡಿಲ್ಲ. ಅವರಿಗೆ ಕೆಲಸವಿದೆ.

ಈ ವರ್ಷ ಅವಳ ಹಡಗಿನ ದಿನವೇ ಬಡಗಾಳಿ ಎದ್ದಿತು.
ಬಂದರು ಮುಚ್ಚಿದರು.
ದೀಪ ಹಚ್ಚಿದ ಬೀದಿಯೊಂದು ದಾರಿ ತಪ್ಪಿ ಬಂದ ಹಾಗೆ
ಹಡಗು ಕೊಲ್ಲಿಯ ಬಾಯಲ್ಲಿ ನಿಂತಿತು,
ಮೂರು ಸಲ ಕೂಗಿತು, ಹೋಯಿತು.
ಬೂದು ಬಣ್ಣದ ದಪ್ಪ ಕಾಲುಚೀಲ ಒಂದು ಜೊತೆ
ಬೇರೆ ಎತ್ತಿಟ್ಟಿದ್ದೆ.
ಈ ಸಲ ಅವಳು ಅದರಲ್ಲಿದ್ದಳೋ ಇಲ್ಲವೋ,
ಕೇಳುವುದಾದರೂ ಯಾರನ್ನು?

ಅದೇ ಗಾಳಿಗೆ ಅತ್ತ ಜಲಸಂಧಿಯ ಫೆರ್ರಿಯೂ ನಿಂತು
ಯೋರಿಸನ ಬಸ್ಸು ಹೊರಡಲಿಲ್ಲ.
ಗಾಳಿ ಯಾರ ಟಿಕೇಟನ್ನೂ ಓದುವುದಿಲ್ಲ.
ಎರಡು ದಿನ ಫೋನಿಗೆ ಬೈದ.
ಮೂರನೆಯ ದಿನ ಕೆಳಗಿಳಿದು ಬಂದು
ಬೋರಲು ಬುಟ್ಟಿಯ ಮೇಲೆ ಕೂತ.
ಅದು ಯಾರ ಜಾಗವೆಂದು ನಾನು ಹೇಳಲಿಲ್ಲ.
ನೂಲು ಕೊಟ್ಟೆ. ಸುತ್ತಿದ, ಕಲ್ಲಿನ ಹಾಗೆ ಬಿಗಿಯಾಗಿ.
ಬಿಚ್ಚಿಸಿ ಮತ್ತೆ ಸುತ್ತಿಸಿದೆ.
ಉಣ್ಣೆಗೂ ಸ್ವಲ್ಪ ಉಸಿರಾಡಲು ಬಿಡಪ್ಪಾ.

ಸಂಜೆಯ ಹೊತ್ತಿಗೆ ಉಂಡೆ ಮೆತ್ತಗಾಯಿತು, ಮಾತೂ.
"ನೀವು ಎಲ್ಲೆಲ್ಲಿ ಹೋಗಿದ್ದೀರಿ?" ಎಂದ.
ಪುವೆರ್ತೊ ಮೊಂತ್‌ಗೆ, ಹಲ್ಲು ಕೀಳಿಸಲು.
"ಒಬ್ಬರೇನಾ? ಗುಂಪಿನಲ್ಲಾ?"
ಹೋಗುವಾಗ ಹಲ್ಲು ಜೊತೆಗಿತ್ತು, ಎಂದೆ.
ಬರುವಾಗ ಒಬ್ಬಳೇ.