ಮುನ್ನೂರ ಹದಿನೆಂಟು

ತಿಂಗಳ ಇಪ್ಪತ್ತೆಂಟು.
ಸಾಲಗಾಮೆ ರಸ್ತೆಯ ನಮ್ಮ ನರ್ಸಿಂಗ್ ಹೋಮಿನ ನೆಲಮಾಳಿಗೆಯಲ್ಲಿ
ಯಂತ್ರ ಹಸಿದು ಕೂತಿತ್ತು.

ಕೊಂಡದ್ದಲ್ಲ ಅದು. ಕಂಪನಿಯವರು ತಂದು ಕೂರಿಸಿದ್ದು, ಪುಕ್ಕಟೆ,
ಮನೆಅಳಿಯನ ಹಾಗೆ,
ತಿಂಗಳಿಗಿಷ್ಟು ಬಡಿಸುತ್ತೇವೆಂಬ ಕರಾರಿನ ಮೇಲೆ.
ಈ ಸಲ ಮೂವತ್ತೊಂದು ಕಡಿಮೆ ಬಿದ್ದಿತ್ತು.
ಹಾಗೆಂದು ಮ್ಯಾನೇಜರ್ ಚೆಲುವರಾಜು
ಯಾರಿಗೂ ಬಾಯಿಬಿಟ್ಟು ಹೇಳಿದವರಲ್ಲ.
ಚೀಟಿಯಲ್ಲಿ ಒಂದು ಚೌಕ
ಮೊದಲೇ ಟಿಕ್ ಆಗಿ ಅಚ್ಚಾಗಿ ಬಂತು, ಅಷ್ಟೆ:
ವಿಟಮಿನ್ ಡಿ.

ಬೇಡವಾದರೆ ಡಾಕ್ಟರು ಹೊಡೆದುಹಾಕಬಹುದು.
ಹೊಡೆದುಹಾಕಲು ಪೆನ್ನು ಎತ್ತಬೇಕು,
ಎತ್ತಿದ ಮೇಲೆ ಕಾರಣ ಬರೆಯಬೇಕು.
ಟಿಕ್ಕಿಗೆ ಯಾವ ಕಾರಣವೂ ಬೇಕಿಲ್ಲ.

ದುದ್ದದ ಕಡೆಯ ಸಣ್ಣತಮ್ಮಯ್ಯ, ಗಾರೆ ಕೆಲಸ.
ವಯಸ್ಸು ಕೇಳಿದರೆ ಹೆಂಡತಿಯ ಮುಖ ನೋಡಿದ.
ಅಂಗಾಲಿಗೆ ಮೊಳೆ ನಟ್ಟು ಹತ್ತು ದಿನ.
ನಲವತ್ತು ವರ್ಷ ಹಾಸನದ ತಾರಸಿಗಳ ಮೇಲೆ
ಬಿಸಿಲಿಗೆ ಬೆನ್ನು ಕೊಟ್ಟವನು;
ಆ ಕುತ್ತಿಗೆಯ ಬಣ್ಣ ನೋಡಿದರೆ
ಸೂರ್ಯನ ಬಾಕಿ ಸೂರ್ಯನೇ ಚುಕ್ತಾ ಮಾಡಿದ್ದಾನೆ ಅನ್ನಬೇಕು.
ಆದರೂ ಸಾವಿರದ ಆರುನೂರು.
ಪುಟ್ಟಲಿಂಗಮ್ಮ ಸಂಘದ ಕಂತಿಗೆಂದು
ಮಡಿಸಿಟ್ಟಿದ್ದ ನೋಟು ಬಿಚ್ಚಿದಳು.
"ಬಿಸಿಲಿನ ಪರೀಕ್ಷೆ" ಎಂದೆ, ಏನಿದು ಅಂತ ಕೇಳಿದ್ದಕ್ಕೆ.
ಅವನು ನಕ್ಕ: "ಅದಕ್ಕೂ ಬಿಲ್ಲಾ?"

ನಾನು ನಗಲಿಲ್ಲ. ತೋಳಿಗೆ ರಬ್ಬರು ಬಿಗಿದೆ.
ತಟ್ಟನೆ ಸಿಕ್ಕಿತು, ದುಡಿದ ಕೈಯ ಹಗ್ಗದಂಥ ನರ.
ಒಂಬತ್ತು ವರ್ಷದಿಂದ ಇದೇ:
ಚೀಟಿ ಹೇಳಿದಷ್ಟು ರಕ್ತ ತೆಗೆಯುವುದು.
ಚೀಟಿ ಯಾಕೆ ಹಾಗೆ ಹೇಳಿತೆಂದು ಕೇಳುವ ಕಾಲಮ್ಮು
ನನ್ನ ರಿಜಿಸ್ಟರಿನಲ್ಲಿಲ್ಲ.

ಸಂಜೆ ರಿಪೋರ್ಟು. ಹನ್ನೊಂದು.
ಇರಬೇಕಾದದ್ದು ಮೂವತ್ತು.
ಚೆಲುವರಾಜು ಹಾಳೆ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು:
"ನೋಡಿದಿರಾ ಶಶಿರೇಖಾ, ಮಾಡಿಸದೆ ಇದ್ದಿದ್ದರೆ?"
ಹೌದು. ಕೊರತೆ ನಿಜ. ತುಂಬುತೋಳಿನ ಅಂಗಿ, ತಲೆಗೆ ಟವಲ್ಲು,
ಸಿಮೆಂಟಿನ ಧೂಳೇ ಮೇಲೊಂದು ಚರ್ಮ. ಇರಬಹುದು.
ಸುಳ್ಳು ಬಾಯಿ ಕೇಳಿದ ಪ್ರಶ್ನೆಗೂ
ರಕ್ತ ನಿಜವನ್ನೇ ಹೇಳುತ್ತದೆ.
ಬೆಳಗಿನಿಂದ ಒಳಗೊಳಗೇ ಕಟ್ಟಿಕೊಂಡಿದ್ದ ನನ್ನ ವಾದವೆಲ್ಲ
ಅವರ ಕೈಯ ಒಂದು ಹಾಳೆಗೆ ಕುಸಿಯಿತು.

ಆದರೆ ಆ ಕಾಲು.
ಬ್ಯಾಂಡೇಜು ಬದಲಿಸಿದ ಫಿಲೋಮಿನಾ ಸಿಸ್ಟರ್
ಕೈ ತೊಳೆಯುತ್ತ ಅಂದಿದ್ದರು:
"ಇಷ್ಟು ದಿನವಾದರೂ ಗಾಯ ಬಾಯಿ ಕೂಡಿಲ್ಲ.
ಒತ್ತಿದರೆ ನೋವೂ ಇಲ್ಲವಂತೆ."
ಸಕ್ಕರೆ ನೋಡಿದ್ದೀರಾ ಎಂದು ಯಾರೂ ಕೇಳಿರಲಿಲ್ಲ.
ಅದು ಅರವತ್ತು ರೂಪಾಯಿಯ ಪರೀಕ್ಷೆ,
ನೆಲಮಾಳಿಗೆಯ ಅಳಿಯ ಮುಟ್ಟುವುದಿಲ್ಲ.
ಅದರ ಚೌಕ ಖಾಲಿ.
ಬೆಳಿಗ್ಗೆ ಅದೇ ಚೀಟಿಯನ್ನು ನಾನೂ ನೋಡಿದ್ದೆ.

ಅಮ್ಮನಿಗೆಂದು ಕೊಂಡ ಸ್ಟ್ರಿಪ್ಪಿನ ಡಬ್ಬಿ ನನ್ನ ಬ್ಯಾಗಿನಲ್ಲಿತ್ತು.
ಬಸ್ಸಿಗೆ ಹೊರಟವರನ್ನು ಮೆಟ್ಟಿಲ ಬಳಿ ತಡೆದು
"ಬೆರಳು ಕೊಡಿ" ಅಂದೆ.
ಆರ್ಡರಿಲ್ಲ, ಸಹಿಯಿಲ್ಲ, ಬಿಲ್ ನಂಬರಿಲ್ಲ.
ಆ ದಿನ ನಾನು ಮುರಿದ ನಿಯಮ
ಇದೊಂದೇ.
ಒಂದು ಹನಿ. ಐದು ಸೆಕೆಂಡು.

"ಇದಕ್ಕೆಷ್ಟಾಯ್ತು ಕಣವ್ವ?"
ಅಂಕಿಯ ಮೇಲೆ ಕಣ್ಣಿಟ್ಟವಳು
ಪ್ರಶ್ನೆ ಸರಿಯಾಗಿ ಕೇಳಿಸಿಕೊಳ್ಳದೆ ಅಂದುಬಿಟ್ಟೆ:
"ಮುನ್ನೂರ ಹದಿನೆಂಟು."

ಪುಟ್ಟಲಿಂಗಮ್ಮ ಹೆಚ್ಚು ಅನ್ನಲಿಲ್ಲ, ಕಡಿಮೆ ಅನ್ನಲಿಲ್ಲ.
ಎಲೆಅಡಿಕೆ ಚೀಲದಿಂದ ನೂರರ ಮೂರು ನೋಟು ತೆಗೆದು
ನನ್ನ ಕೈಗಿಟ್ಟು,
ಹದಿನೆಂಟಕ್ಕೆ ಚಿಲ್ಲರೆ ತಡಕುತ್ತ,
ದುದ್ದದ ಬಸ್ಸು ತಪ್ಪೀತೆಂದು
ಗೇಟಿನ ಕಡೆ ನೋಡುತ್ತಿದ್ದಳು.