ಏಳು ನಿಮಿಷದ ದೋಣಿ

ಹಗ್ಗ ಬಿಚ್ಚಿಯಾಯಿತಲ್ಲ ಎರ್ಲೆಂಡ್, ಬಾ, ಕೂತುಕೋ.
ಬ್ರೆಸ್ಸೆಯಿಂದ ಲರ್ವಿಕ್‌ಗೆ ಏಳೇ ನಿಮಿಷ.
ಐದಕ್ಷರ, ಆರು ಸಲ.
ಅವಸರ ಮಾಡದಿದ್ದರೆ ಅಷ್ಟು ಸಾಕು.

ಮೊದಲ ಮಾತಿಗೆ ಜಾಣತನ ಬೇಡ.
ನಾನು ದಿನಾ ಇಡುವುದು ಒಂದೇ: ಸ್ಲೇಟ್.
ಆಮೇಲೆ ಕ್ರೋನಿ.
ಒಂದೂ ಮರುಕಳಿಸದ ಹತ್ತು ಅಕ್ಷರ
ಬಲೆಯ ಹಾಗೆ ನೀರಿಗಿಳಿದಿರುತ್ತವೆ ಅಷ್ಟರಲ್ಲಿ.
ಬರಿದೇ ಬಂತೆಂದು ಗೊಣಗಬೇಡ:
ಎಲ್ಲಿ ಮೀನಿಲ್ಲವೆಂದು ತಿಳಿದದ್ದೂ ಗಳಿಕೆಯೇ.
ಮೂವತ್ತು ವರ್ಷ ಕಾರ್ಖಾನೆಯಲ್ಲಿ
ಮೀನಿನೊಳಗೆ ಮುಳ್ಳು ತಡಕಿದ ಬೆರಳು ಇವು,
ಇಲ್ಲದ್ದನ್ನು ಎಣಿಸಿಯೇ ಸಂಬಳ ತಂದವು.

ಬೂದಿಗೆ ಬಿದ್ದದ್ದನ್ನು ಮತ್ತೆ ಕರೆಯಬೇಡ.
ಹಳದಿ ಅಂದರೆ, ಮನೆಯಲ್ಲೇ ಇದ್ದಾನೆ,
ಆ ಕೋಣೆಯಲ್ಲಿಲ್ಲ, ಅಷ್ಟೆ.
ಬೇರೆ ಬಾಗಿಲು ತಟ್ಟು.
ಒಂದೇ ಅಕ್ಷರ ಎರಡು ಸಲವೂ ಬಂದೀತು;
ಅವಳಿಗಳಲ್ಲಿ ಒಬ್ಬನನ್ನು ಕಂಡು
ಎಣಿಕೆ ಮುಗಿಸುವ ಗಣತಿಯವನಾಗಬೇಡ.

ತಡಿ, ಆ ವ್ಯಾನಿನವನ ದೀಪ ಉರಿಯುತ್ತಲೇ ಇದೆ, ಹೇಳಿ ಬಾ.

ಹಾಂ. ನನ್ನ ತಮ್ಮ ರಾಸ್ಮಿಯ ಕತೆ ಕೇಳು.
ಮೊದಲ ಏಟಿಗೇ ಲೈಟ್ ಅಂದ. ನಾಲ್ಕು ಹಸಿರು!
ಮೀಸೆ ತಿರುವಿ ಒಂದೊಂದಾಗಿ ಇಟ್ಟ:
ಮೈಟ್, ಫೈಟ್, ರೈಟ್, ಸೈಟ್, ಟೈಟ್.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.
ಉತ್ತರ ನೈಟ್.
ಡಿಸೆಂಬರಿನಲ್ಲಿ ಮೂರು ಗಂಟೆಗೇ
ನಮ್ಮ ಕಿಟಕಿಗೆ ಬಂದು ನಿಲ್ಲುವ ರಾತ್ರಿ
ಅವನೊಬ್ಬನ ಕಣ್ಣಿಗೆ ಬೀಳಲಿಲ್ಲ!
ಎರಡನೆಯದಕ್ಕೇ ಫ್ರೇಮ್ ಅನ್ನಬೇಕಿತ್ತು.
ಅದು ಉತ್ತರವಲ್ಲವೆಂದು ಗೊತ್ತು,
ಗೊತ್ತಿದ್ದೇ ಸೋಲಬೇಕು ಒಂದು ಸಲ:
ಎಫ್, ಆರ್, ಎಂ, ಇ, ನಾಲ್ಕೂ ಒಟ್ಟಿಗೆ ಬಾಯಿಬಿಡುತ್ತವೆ.
ಹೇಳಿದ್ದೆ. ಕೇಳುವವನಲ್ಲ.
ಗೆರೆ ಹಿಡಿದು ನಡೆದೇ ಮುಳುಗುವ ಪೈಕಿ.

ಇನ್ನೊಂದು ಗುಟ್ಟು. ಇದು ಯಾರ ತಂತ್ರದಲ್ಲೂ ಇಲ್ಲ.
ಸ್ಲೇಟ್‌ಗೂ ಮೊದಲು ನಾನೊಂದು ಮಾತು ಬರೆಯುತ್ತೇನೆ:
ನೂಸ್ಟ್.
ನಮ್ಮಜ್ಜಿಯ ಬಾಯಿಮಾತು. ನೀನೂ ಕೇಳಿರುತ್ತೀ.
ಅಲೆ ತಲುಪದಷ್ಟು ಮೇಲೆ, ದಡದ ಹುಲ್ಲಿನಲ್ಲಿ
ದೋಣಿಯ ಅಳತೆಗೇ ತೋಡಿದ ತಗ್ಗು,
ಚಳಿಗಾಲವೆಲ್ಲ ದೋಣಿ ಮಲಗುವ ತಾವು.
ರಾಸ್ಮಿಯ ದೋಣಿ ಮಾರಿ ಒಂಬತ್ತು ವರ್ಷ,
ತಗ್ಗಿಗೆ ಇನ್ನೂ ದೋಣಿಯದೇ ಆಕಾರ.
ಬರೆದ ಕೂಡಲೇ ಸಾಲು ತಲೆಯಾಡಿಸುತ್ತದೆ:
ಇಂಥ ಮಾತು ಪಟ್ಟಿಯಲ್ಲಿಲ್ಲ.
ಆದರೆ ಗಮನಿಸು ಹುಡುಗ,
ಒಪ್ಪದ ಮಾತಿಗೆ ದಂಡವಿಲ್ಲ.
ಆರಕ್ಕೆ ಆರೂ ಹಾಗೇ ಇರುತ್ತವೆ.
ಅಳಿಸುತ್ತೇನೆ. ನಾಳೆ ಮತ್ತೆ ಬರೆಯುತ್ತೇನೆ.
ಯಾವತ್ತಾದರೂ ಒಳಗಿನವರು ಬೇಸತ್ತು
ಬಾಗಿಲು ತೆಗೆದಾರು.

ರ್‍ಯಾಂಪ್ ಇಳಿಯುತ್ತಿದೆ, ಎದ್ದೇಳು.
ಇವತ್ತಿನದು ನೋಡು, ನಾಲ್ಕು ಹಸಿರು, ನಡುವೆ ಒಂದು ಖಾಲಿ.
ಗೊತ್ತಾಯಿತೆ? ಹೇಳಬೇಡ, ನುಂಗಿಕೋ.
ಬರುವಾಗಲೂ ಏಳು ನಿಮಿಷ ಇದೆಯಲ್ಲ.