ಎಲ್ಲಿ ಕಚ್ಚುತ್ತೆ?

ಜಿಂಡಬೈನ್ ಊರಿನಿಂದ ಬೆಳಗಿನ ಐದೂಮುಕ್ಕಾಲಿನ ಬಸ್ಸು.
ಕಿಟಕಿಗೆ ನಮ್ಮದೇ ಉಸಿರು ಹೆಪ್ಪುಗಟ್ಟಿ ಕೆರೆ ಕಾಣುವುದಿಲ್ಲ,
ತಿರುವು ಬಂತೆಂದು ಹೊಟ್ಟೆಗೆ ಗೊತ್ತಾಗುತ್ತದೆ.
ಪಕ್ಕದಲ್ಲಿ ಲಿಫ್ಟ್ ನಡೆಸುವ ಒಂದ್ರೆಯ್, ಬಾಯಿ ತೆರೆದು ನಿದ್ದೆ.
ಆರು ತಿಂಗಳು ಅವನ ದೇಶದ ಚಳಿ, ಆರು ತಿಂಗಳು ಇಲ್ಲಿಯದು;
ನನ್ನ ಮೊಣಕೈ ಬಿಸಿಲು ಕಂಡು ಎಂಟು ವರ್ಷವಾಯಿತು ಅನ್ನುತ್ತಾನೆ.

ನನ್ನದು ಬೂಟಿನ ಕೋಣೆ.
ಮೇಲೆ ಹಿಮ, ಬೆಳಕು, ಫೋಟೊ.
ಕೆಳಗೆ ನೆಲಮಾಳಿಗೆಯಲ್ಲಿ ಒಂಬೈನೂರು ಜೊತೆ ಬಾಡಿಗೆ ಬೂಟು,
ನಿನ್ನೆಯವರ ಬೆವರು, ಅದರ ಮೇಲೆ ನಿಂಬೆ ವಾಸನೆಯ ಸ್ಪ್ರೇ.
ಮೊಣಕಾಲೂರಿ ದಿನಕ್ಕೆ ಇನ್ನೂರು ಪಾದ ಮುಟ್ಟುತ್ತೇನೆ.
ಇವತ್ತಿನವರೆಗೆ ಒಬ್ಬರೂ ಆಶೀರ್ವಾದ ಮಾಡಿಲ್ಲ.

ಹೆಬ್ಬೆರಳ ಮೇಲೆ ಒತ್ತಿ ಕೇಳುತ್ತೇನೆ: ಎಲ್ಲಿ ಕಚ್ಚುತ್ತೆ?
ಇಂಗ್ಲಿಷಿನಲ್ಲೇ ಕೇಳುವುದು. ಆದರೆ ಅಲ್ಲಿ ಬೂಟಿಗೆ ಹಲ್ಲಿಲ್ಲ,
ಹಿಂಡುತ್ತದೆ, ಉಜ್ಜುತ್ತದೆ, ಅಷ್ಟೆ.
ಗದಗಿನ ಸ್ಟೇಷನ್ ರೋಡಿನ ಅಂಗಡಿಯಲ್ಲಿ ಸೋದರಮಾವ
ತುಟಿಯಲ್ಲಿ ಲೇಸು ಹಿಡಿದೇ ಕೇಳುತ್ತಿದ್ದ: ಎಲ್ಲಿ ಕಚ್ಚತೈತ್ರೀ?
ಬಾಯಿ ಸುಳ್ಳು ಹೇಳಿದರೂ ಹುಬ್ಬು ಹೇಳೋದಿಲ್ಲ, ಅದನ್ನ ನೋಡು ಅನ್ನುತ್ತಿದ್ದ.
ನೋಡುತ್ತೇನೆ.

ಸೆಪ್ಟೆಂಬರ್. ಇಳಿಜಾರಿನಲ್ಲಿ ಹಿಮ ತೇಪೆ ತೇಪೆ, ನಡುವೆ ಹಳದಿ ಹುಲ್ಲು.
ಸೂಪರ್‌ವೈಸರ್ ಬ್ರೊನ್ವಿನ್ ಒಬ್ಬೊಬ್ಬರಿಗೂ ಒಂದು ಹಾಳೆ ಹಂಚಿದಳು:
ನಿಮ್ಮ ಅನಿಸಿಕೆ ನಮಗೆ ಮುಖ್ಯ.
ಹೆಸರು ಬೇಡ ಎಂದು ಮೇಲೆ ದಪ್ಪಕ್ಷರದಲ್ಲಿ,
ನೌಕರರ ಸಂಖ್ಯೆ ಕಡ್ಡಾಯ ಎಂದು ಕೆಳಗೆ ಸಣ್ಣಕ್ಷರದಲ್ಲಿ.
ಪ್ರತಿ ಪ್ರಶ್ನೆಗೂ ಐದು ಮುಖ, ಅಳುವುದರಿಂದ ನಗುವುದರವರೆಗೆ.
ಮೂರನೆಯದು ಅತ್ತ ಅಳದು ಇತ್ತ ನಗದು,
ಮದುವೆ ಫೋಟೊದಲ್ಲಿ ನಮ್ಮ ದೊಡ್ಡಪ್ಪನ ಹಾಗೆ.

ಗಾಳಿಗೆ ಲಿಫ್ಟ್ ನಿಂತ ದಿನ ಹತ್ತು ಗಂಟೆಗೇ ಮನೆಗೆ ಕಳಿಸಿದರು,
ಸಂಬಳವೂ ಹತ್ತಕ್ಕೇ ನಿಂತಿತು.
ಹಾಸಿಗೆಯ ಬಾಡಿಗೆ ಮಾತ್ರ ಯಾವ ಗಾಳಿಗೂ ನಿಲ್ಲುವುದಿಲ್ಲ.
ಇದಕ್ಕೆ ಯಾವ ಮುಖ?
ಖಾಲಿ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡೆ.

ಆ ಸಂಜೆ ಬೂಟು ಒಣಗಿಸುವ ಯಂತ್ರ ಮತ್ತೆ ಕೆಟ್ಟಿತು.
ಕಾಗದ ತುರುಕಿ, ನೀರು ಹೀರುತ್ತೆ, ಎಂದು
ಆಫೀಸಿನಿಂದ ಒಂದು ರಟ್ಟಿನ ಪೆಟ್ಟಿಗೆ ಬಂತು.
ಉಂಡೆ ಕಟ್ಟಿ, ತುರುಕಿ, ಉಂಡೆ ಕಟ್ಟಿ,
ಮೂವತ್ತನೆಯದೋ ನಲವತ್ತನೆಯದೋ ಇರಬೇಕು,
ಮೂರನೇ ಮುಖ ನನ್ನನ್ನೇ ನೋಡುತ್ತಿತ್ತು.
ಹೋದ ವರ್ಷದವು. ಎಲ್ಲವೂ.

ಒಂದರಲ್ಲಿ ನಾಯಿಯ ಚಿತ್ರ, ಮತ್ತೇನೂ ಇಲ್ಲ.
ಒಂದರಲ್ಲಿ: ಅಡುಗೆಮನೆಯಲ್ಲಿ ತವಿತಾ ಜಾರಿಬಿದ್ದಾಗ
ಮೊದಲು ಒಡೆದ ತಟ್ಟೆ ಎಣಿಸಿದಿರಿ.
ಒಂದರಲ್ಲಿ ಪೂರ್ತಿ ನಗುವ ಮುಖಗಳೇ.
ಎಡಗಾಲಿನ ಬೂಟು, ಸೈಜು ಇಪ್ಪತ್ತೊಂಬತ್ತು, ಅದನ್ನೂ ತುರುಕಿದೆ.
ನೀರನ್ನು ಎಲ್ಲವೂ ಒಂದೇ ಸಮ ಹೀರಿದವು.

ಮತ್ತೊಂದು, ದುಂಡು ಅಕ್ಷರ, ಯಾರ ಕೈಯೋ:
ಏಳನೇ ಕೋಣೆಯ ಹೀಟರ್ ದಯವಿಟ್ಟು ರಿಪೇರಿ ಮಾಡಿಸಿ.
ಕಿಟಕಿಯ ಒಳಬದಿಗೂ ಮಂಜುಗಡ್ಡೆ.
ಏಳನೆಯದು ನಮ್ಮ ಕೋಣೆ.
ಆ ಕಿಟಕಿಯ ಕೆಳಗಿನ ಮಂಚ ನನ್ನದು.
ನನಗಿಂತ ಮೊದಲು ಅಲ್ಲಿ ಎರಡು ಕಾಲುಚೀಲ ಹಾಕಿ ಮಲಗಿದವಳೇ,
ಪೆನ್ನು ತೆಗೆದು ನಿನ್ನ ಸಾಲಿನ ಕೆಳಗೆ ಬರೆದೆ: ಇನ್ನೂ ಇಲ್ಲ.
ಮಡಚಿ ಕೈಗೆ ಸಿಕ್ಕ ಚಿಕ್ಕ ಬೂಟಿಗೆ ಹಾಕಿದೆ.

ಬೆಳಿಗ್ಗೆ ವಾಗಾದಿಂದ ಬಂದ ಏಳೆಂಟು ವರ್ಷದ ಹುಡುಗ.
ಕಾಲು ತೂರಿಸಿದ. ಎಲ್ಲಿ ಕಚ್ಚುತ್ತೆ? ಎಲ್ಲೂ ಇಲ್ಲ ಅಂದ.
ಹುಬ್ಬು ಬೇರೆಯೇ ಹೇಳಿತು.
ಬೂಟು ಬಿಚ್ಚಿ, ಬೆರಳು ಹಾಕಿ, ತುದಿಯಿಂದ ಒದ್ದೆ ಉಂಡೆ ಎಳೆದೆ.
ಏನು ಬರೆದಿದೆ ಅಂತ ಕೇಳಿದ.
ಹೀಟರಿನ ವಿಷಯ ಅಂದೆ.
ಸರಿಯಾಯ್ತಾ? ಅಂದ.

ಅವನಮ್ಮ ಟೋಪಿ ಹುಡುಕುತ್ತಿದ್ದಳು. ಸಾಲು ಬಾಗಿಲಾಚೆಗೂ ಬೆಳೆದಿತ್ತು.
ಬಕಲ್ಲನ್ನು ಎರಡನೇ ಹಲ್ಲಿಗೆ ಸಿಕ್ಕಿಸಿದೆ,
ಒಂದು ಹಲ್ಲು ಸಡಿಲ ಬಿಟ್ಟು.